ಗುಬ್ಬಿಗಳ ಕಲ್ಲುಬಾನಿ

ನೆಲ ಒರೆಸುವಾಗ ಫಿನಾಯಿಲ್ ವಾಸನೆ ಬಂದರೆ ಈಗಲೂ ನನ್ನ ಕೈ ನಿಂತುಬಿಡುತ್ತದೆ.

ಸಂಡೂರಿನ ನಮ್ಮ ಹಿತ್ತಲಲ್ಲಿ ಹಕ್ಕಿಗಳ ನೀರಿಗೆಂದು ಕಲ್ಲಿನ ಬಾನಿಯೊಂದಿತ್ತು. ಅದಿರಿನ ಲಾರಿಗಳ ಕೆಂಪು ಧೂಳು ಅದರೊಳಗೆ ಕೂರುತ್ತಿತ್ತು; ಅಜ್ಜಿ ದಿನವೂ ತೆಂಗಿನ ನಾರಿನಿಂದ ತಿಕ್ಕಿ ತೆಗೆಯುತ್ತಿದ್ದಳು. ಅವಳು ಜ್ವರದಿಂದ ಮಲಗಿದ ದಿನ ನಾನೇ ತಿಕ್ಕಿದೆ. ಬಾನಿಗೆ ನೀರು ತುಂಬಿ, ಶಾಲೆಯಲ್ಲಿ ಆಯಾ ನೆಲ ಒರೆಸುವಾಗ ಮಾಡುವಂತೆ ಅದಕ್ಕೆ ಎರಡು ಮುಚ್ಚಳ ಫಿನಾಯಿಲ್ ಬೆರೆಸಿದೆ. ನೀರು ಹಾಲಿನಂತೆ ಬೆಳ್ಳಗಾಯಿತು.

ಮಧ್ಯಾಹ್ನ ಅವ್ವ ಕೂಗಿದಳು: "ಯವ್ವಾ, ಏನ್ ಹಾಕೀಯೇ ಇದ್ರಾಗ? ಜಲ್ದಿ ಚೆಲ್ಲು!"

ಬಾನಿ ಅಲುಗಲಿಲ್ಲ. ಬೊಗಸೆಯಿಂದಲೇ ಎತ್ತಿ ಎತ್ತಿ ಚೆಲ್ಲಿದೆ. ಅಷ್ಟರಲ್ಲಿ ದಾಳಿಂಬೆ ಗಿಡದ ಬುಡದಲ್ಲಿ ಗುಬ್ಬಿಯೊಂದು ಕೊಕ್ಕು ತೆರೆದು ಬಿದ್ದಿತ್ತು. "ಕುಡೀ ನಮ್ಮವ್ವ, ಒಂದ್ ಗುಟುಕು ಕುಡೀ" ಎನ್ನುತ್ತ ಒಳ್ಳೆಯ ನೀರು ಬಿಟ್ಟೆ. ಅದು ಕೊಕ್ಕಿನಿಂದ ಹೊರಗೇ ಹರಿಯಿತು.

ಒಳಗಿನಿಂದ ಅಜ್ಜಿ ಕೇಳಿದಳು: "ಗುಬ್ಬಿ ಬಂದು ನೀರು ಕುಡದ್ವೇನವ್ವ?"

ಗುಬ್ಬಿಯನ್ನು ಲಂಗದಲ್ಲಿ ಮುಚ್ಚಿಕೊಂಡು, "ಹೂಂ ಅಜ್ಜಿ, ಕುಡದ್ವು" ಎಂದೆ.