ಕೂರುವ ಪಾಠ

ಮೂರನೆಯ ಸಲವೂ ಅವಳು ಕುರ್ಚಿಯ ಮೇಲೆ ದೊಪ್ಪನೆ ಕುಸಿದಳು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡಳು.

“ಅಮ್ಮಾ, ಅರ್ಧದವರೆಗೆ ಚೆನ್ನಾಗೇ ಇಳೀತೀರಿ, ಆಮೇಲೆ ಕಾಲು ಸಡಿಲ ಬಿಡ್ತೀರಿ. ಸೊಂಟದ ಮೂಳೆ ಇನ್ನೂ ಹಸಿ. ಒಳಗಿನ ಸ್ಕ್ರೂ ಅಲುಗಾಡಿದ್ರೆ ಮತ್ತೆ ಆಪರೇಷನ್. ಮೆತ್ತಗೆ ಕೂರೋದು ಬಂದ್ರೆ ಇವತ್ತೇ ಮನೆ.”

ಮತ್ತೆ ಆಪರೇಷನ್ ಎಂದದ್ದೇ ತಡ, ವಾಕರ್ ಹಿಡಿದ ಅವಳ ಬೆರಳುಗಳು ಬೆಳ್ಳಗಾದವು.

ಪಕ್ಕದಲ್ಲಿದ್ದ ಗಂಡ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದ ಮೇಷ್ಟ್ರು. ಸುಮ್ಮನಿರುವ ಜಾಯಮಾನವಲ್ಲ. “ನೋಡೇ, ಇಳಿಯೋ ಸಂವೇಗ ಹೇಗಿದ್ರೂ ಸೊನ್ನೆ ಆಗ್ಲೇಬೇಕು. ಕುರ್ಚಿ ತಾಕಿದ ಕ್ಷಣದಲ್ಲೇ ಎಲ್ಲಾ ಸೊನ್ನೆ ಆದ್ರೆ ಪೆಟ್ಟೆಲ್ಲ ಸೊಂಟಕ್ಕೆ. ದಾರಿಯುದ್ದಕ್ಕೂ ಕರಗಿಸ್ತಾ ಬಂದ್ರೆ ಬಲ ಕಮ್ಮಿ. ಹೊತ್ತು ಜಾಸ್ತಿ ತಗೊಳೋದು, ಅಷ್ಟೆ.”

“ನಿಮ್ಮ ಪಾಠ ತಲೆಗೇನೋ ಹತ್ತುತ್ತೆ ಕಣ್ರೀ, ಸೊಂಟಕ್ಕೆ ಇಳಿಯಲ್ಲ.”

ಮೇಷ್ಟ್ರು ಕೈಗಡಿಯಾರ ಬಿಚ್ಚಿ ಹಿಡಿದರು. “ಐದು ಸೆಕೆಂಡು. ನಾನೇ ಎಣಿಸ್ತೀನಿ.” ಅವಳು ವಾಕರ್ ಹಿಡಿದು ಮತ್ತೆ ಎದ್ದು ನಿಂತಳು. ಪರೀಕ್ಷೆಯ ಕೊಠಡಿಯಲ್ಲಿ ಉತ್ತರಪತ್ರಿಕೆ ಕಿತ್ತುಕೊಳ್ಳುವ ದನಿಯಲ್ಲಿ ಒಂದು, ಎರಡು ಎಂದರು. ಮೂರಕ್ಕೆಲ್ಲ ಅವಳು ಕುರ್ಚಿಯಲ್ಲಿ ಬಿದ್ದಾಗಿತ್ತು. ನೋವಿಗೆ ಉಸಿರು ಸಿಕ್ಕಿಕೊಂಡಿತು.

“ನೀವು ಎಣಿಸಿದ್ರೆ ಬೇಗ ಮುಗಿಸ್ಬೇಕು ಅನ್ನಿಸುತ್ತೆ,” ಎಂದಳು, ಮುಂಗೈಯಿಂದ ಕಣ್ಣೊರೆಸಿಕೊಂಡು.

ಮೇಷ್ಟ್ರು ಗಡಿಯಾರ ಜೇಬಿಗಿಳಿಸಿ, ಹುಡುಗಿಯ ಜೊತೆ ಸೇರಿ ಹೆಂಡತಿಯನ್ನು ಎಬ್ಬಿಸಿ ನಿಲ್ಲಿಸಿದರು. ವಾಕರ್ ಬದಿಗೆ ಸರಿಸಿ, ಎದುರು ನಿಂತು ಕಂಕುಳಿಗೆ ಕೈ ಕೊಟ್ಟರು.

“ಬೆಳಿಗ್ಗೆ ಒಲೆ ಒರೆಸ್ತಾ ಒಂದು ಪದ್ಯ ಹೇಳ್ಕೋತೀಯಲ್ಲ, ನಿಮ್ಮಪ್ಪ ಕಲಿಸಿದ್ದು. ಅದನ್ನ ಹೇಳು. ಎರಡನೇ ಸಾಲು ಮುಗಿಯೋ ತನಕ ಕುರ್ಚಿ ತಾಕಿಸ್ಬೇಡ.”

ಅವಳು ತಲೆಯೆತ್ತಿದಳು. “ಅದು ನಿಮಗೆ ಕೇಳಿಸ್ತಿತ್ತಾ?”

“ಪೇಪರು ಓದೋವಾಗ ಕಿವಿಗೇನು ಕೆಲಸ?”

ಅವಳು ಶುರುಮಾಡಿದಳು. ಅಪ್ಪ ಎಳೆಯುತ್ತಿದ್ದಲ್ಲೇ ಎಳೆದಳು, ಅಪ್ಪ ನಿಲ್ಲಿಸುತ್ತಿದ್ದಲ್ಲೇ ನಿಲ್ಲಿಸಿದಳು. ತೊಡೆ ನಡುಗಿತು, ದನಿ ನಡುಗಲಿಲ್ಲ. ಎರಡನೆಯ ಸಾಲಿನ ಕೊನೆಯ ಅಕ್ಷರಕ್ಕೆ ಅವಳ ಭಾರ ಇಳಿದದ್ದು ಕುರ್ಚಿಗೂ ಗೊತ್ತಾಗಲಿಲ್ಲ.

“ಕೈ ಬಿಡಿ ಸಾರ್, ಕೂತಾಯ್ತು. ಇನ್ನು ಮನೆಗೆ ಹೊರಡಿ,” ಎಂದಳು ಹುಡುಗಿ.

ಪದ್ಯದಲ್ಲಿ ಇನ್ನೂ ಎರಡು ಸಾಲಿದ್ದವು. ಅವಳು ನಿಲ್ಲಿಸಲಿಲ್ಲ. ಮೇಷ್ಟ್ರು ಬಗ್ಗಿದವರು ಬಗ್ಗಿಯೇ ಇದ್ದರು.