ನಲವತ್ತೊಂದನೆಯ ಪುಟ

“ನಲವತ್ತೊಂದನೇ ಪುಟ ತೆಗೀರಿ, ಡಾಕ್ಟ್ರೇ. ಮೇಲಿಂದ ಮೂರನೇ ಸಾಲು.”

ಡಾಕ್ಟರು ಓದಿದರು. ಓದುತ್ತಲೇ ಕುರ್ಚಿಯಲ್ಲಿ ನೆಟ್ಟಗಾದರು. ‘ನನ್ನ ಅಳತೆಗೆ ಹೊಲಿದ ಅಂಗಿಯೊಳಗೆ ಬೇರೆ ಯಾವನೋ ಹೊಕ್ಕಿದ್ದಾನೆ. ಕತ್ತರಿ ಎತ್ತಿದ್ದು ಅವನು. ನಾನು ಗೂಟಕ್ಕೆ ತೂಗುಬಿದ್ದು ನೋಡುತ್ತಿದ್ದೆ.’

ಏಳನೇ ಮಂಚದ ದರ್ಜಿ ಐದು ವಾರಗಳಿಂದ ಹೇಳುತ್ತಿದ್ದುದೂ ಇದನ್ನೇ. ಕತ್ತರಿಯಿಂದ ಒಬ್ಬ ಹುಡುಗಿಯನ್ನು ಕೊಂದು, ಪೊಲೀಸರ ಕಾವಲಿನಲ್ಲಿ ಮಾನಸಿಕ ಆಸ್ಪತ್ರೆ ಸೇರಿದ್ದ. ಹುಚ್ಚೋ ನಟನೆಯೋ ಎಂಬ ವರದಿ ನಾಳೆ ಕೋರ್ಟಿಗೆ ಹೋಗಬೇಕು. ಹುಚ್ಚು ಎಂದರೆ ಶಿಕ್ಷೆಯಿಲ್ಲ. ನಟನೆ ಎಂದರೆ ಗಲ್ಲು ತಪ್ಪಿದ್ದಲ್ಲ.

“ಅವನ ಈ ಮಾತನ್ನ ದಪ್ಪ ದಪ್ಪ ವೈದ್ಯಶಾಸ್ತ್ರದ ಪುಸ್ತಕದಲ್ಲೆಲ್ಲ ಹುಡುಕಿದೆ. ಕಾದಂಬರಿಯಲ್ಲಿ ಹುಡುಕೋದು ಹೊಳೀಲೇ ಇಲ್ಲ. ಎಲ್ಲಿ ಸಿಕ್ತು ಇದು, ಅಂಟಮ್ಮಾ?”

“ನಿಮ್ಮ ವಾರ್ಡಿನ ಕಪಾಟಲ್ಲೇ ಇತ್ತಲ್ಲ! ಬೆನ್ನು ಕಿತ್ತೋಗಿತ್ತು ಅಂತ ರಿಪೇರಿಗೆ ತಗೊಂಡೆ. ನೀವೆಲ್ಲಿ ಓದ್ತೀರಾ ಬಿಡಿ. ನೀವು ಬರೆದಿದ್ದನ್ನೇ ಔಷಧಿ ಅಂಗಡಿಯವನಿಗೆ ಓದಕ್ಕಾಗಲ್ಲ.”

ಡಾಕ್ಟರು ನಕ್ಕರು. ಮೊದಲ ಪುಟಕ್ಕೆ ತಿರುವಿ ಇಸವಿ ನೋಡಿದರು. ನಲವತ್ತು ವರ್ಷ ಹಳೆಯದು.

ಆಸ್ಪತ್ರೆಯ ಹರಿದ ಪುಸ್ತಕಗಳಿಗೆ ಬೈಂಡು ಹಾಕುವವಳು ಅಂಟಮ್ಮ. ಕೈಯಲ್ಲಿ ಸದಾ ಅಂಟಿನ ಡಬ್ಬಿ ಇರುವುದರಿಂದ ರೋಗಿಗಳಿಟ್ಟ ಹೆಸರು ಅದು. ಸತ್ತ ಹುಡುಗಿ ಅವಳ ಒಡಹುಟ್ಟಿದ ತಂಗಿ ಎಂಬುದು ಅಲ್ಲಿ ನರಪಿಳ್ಳೆಗೂ ಗೊತ್ತಿರಲಿಲ್ಲ. ಹೊಲಿಗೆ ಕಲಿಯಲು ಹೋದವಳು. ದರ್ಜಿಯನ್ನು ಬಾಯ್ತುಂಬ ಅಣ್ಣಾ ಎನ್ನುತ್ತಿದ್ದಳು. ಮೊದಲ ವಾರವೆಲ್ಲ ಅಂಟಮ್ಮ ಏಳನೇ ಮಂಚದ ಪಕ್ಕದ ಬೆಂಚಿನಲ್ಲಿ ಪುಸ್ತಕ ಹೊಲಿಯುತ್ತ, ಕೈಯಲ್ಲಿದ್ದ ದಬ್ಬಳವನ್ನೊಮ್ಮೆ ಅವನ ಕುತ್ತಿಗೆಯನ್ನೊಮ್ಮೆ ನೋಡುತ್ತ ಕೂತಿದ್ದಳು. ಆಮೇಲೆ ಅವನ ಮಾತಿಗೆ ಕಿವಿಗೊಟ್ಟಳು. ಒಂದಕ್ಷರ ಬಿಡದೆ.

ದರ್ಜಿಯನ್ನು ಕರೆಸಿದರು. ಡಾಕ್ಟರು ಸಾಲನ್ನು ಓದಿ ಅರ್ಧಕ್ಕೆ ನಿಲ್ಲಿಸಿದರು. ಉಳಿದರ್ಧವನ್ನು ಅವನು ತಾನಾಗಿಯೇ, ಅಕ್ಷರ ತಪ್ಪದೆ ಮುಗಿಸಿದ. ಪುಸ್ತಕದೊಳಕ್ಕೆ ಇಣುಕಿದವನು ಬೆಚ್ಚಿ ಗೋಡೆಗೆ ಸರಿದ.

“ನನ್ನ ಮಾತು ಇದರೊಳಗೆ ಹೇಗೆ ಬಂತು? ಅವನೇ ಬರೆಸಿದಾನೆ ಸ್ವಾಮಿ, ಆ ಅಂಗಿಯೊಳಗಿನವನು!”

“ಸಾಕು ಮಾಡಪ್ಪ ನಾಟಕ,” ಎಂದರು ಡಾಕ್ಟರು. “ಬಾಯಿಪಾಠ ಚೆನ್ನಾಗಿದೆ.”

“ಹೆದರ್ಬೇಡ ಅಣ್ಣಾ,” ಎಂದಳು ಅಂಟಮ್ಮ. “ನೀನು ಹೇಳಿದ್ದೆಲ್ಲ ಇದರಲ್ಲಿದೆ.”

ಡಾಕ್ಟರು ವರದಿಯಲ್ಲಿ ‘ನಟನೆ’ ಎಂದು ಬರೆದು ಸಹಿ ಹಾಕಿದರು. ಪುಸ್ತಕವನ್ನೂ ಜೊತೆಗಿಟ್ಟು ಲಕೋಟೆ ಮುಚ್ಚಿದರು.

ಅಂಟಮ್ಮ ಮನೆಗೆ ಹೋಗಲಿಲ್ಲ. ನೆಟ್ಟಗೆ ಸೋದರಮಾವನ ಅಚ್ಚುಕೂಟಕ್ಕೆ ನಡೆದಳು. ತಂಗಿಯನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನು. ಮಸಿಗೈ ಒರೆಸಿಕೊಳ್ಳುತ್ತ ಏನಾಯಿತೆಂದು ಕಣ್ಣಲ್ಲೇ ಕೇಳಿದ.

“ಜೋಡಿಸಿದ ಅಚ್ಚಿನ ಮೊಳೆ ಎಲ್ಲ ಕಳಚಿಬಿಡು ಮಾವ. ಎಂಟು ಪುಟವೇ ಸಾಕಾಯ್ತು.”

ಮೊನ್ನೆ ಭಾನುವಾರ, ಹಳೇ ಕಾಗದದ ಮೇಲೆ ಅಚ್ಚಾದ ಆ ಎಂಟು ಪುಟಗಳನ್ನು ಅವಳು ನಡುವೆ ಸೇರಿಸಿ ಹೊಲಿಯುವವರೆಗೆ, ಆ ಕಾದಂಬರಿಯಲ್ಲಿ ದರ್ಜಿ ಎಂಬವನೇ ಇರಲಿಲ್ಲ.