ಒಗ್ಗರಣೆ ಪರೀಕ್ಷೆ

ಅಂಡಮಾನಿನಲ್ಲಿ ಮಗಳು ಹೆತ್ತು ತಿಂಗಳಾಗಿತ್ತು. ಮೊಮ್ಮಗಳ ನೆತ್ತಿಯನ್ನು ಇಲ್ಲಿಂದಲೇ ಮೂಸಬೇಕೆಂದು ಬಸಲಿಂಗವ್ವ ಹಳೇ ಮೊಬೈಲಿನ ಅಂಗಡಿಗೆ ಬಂದಿದ್ದಳು. ಅವಳು ಆರಿಸಿದ ಫೋನಿನ ಡಬ್ಬಿಯ ಮೇಲೆ '7ಜಿ, ವಾಸನೆ ಸಹಿತ' ಎಂದು ಬರೆದಿತ್ತು.

"ಡಬ್ಬಿ ನಂಬಬ್ಯಾಡ್ರಿ ಯವ್ವಾ. ಎಷ್ಟೋ ಸೆಟ್ಟಿನಾಗ ಬರೇ ಮಾತು ಬರತೈತಿ," ಎಂದ ಅಂಗಡಿಯ ರಾಜೇಸಾಬ. "ಅಳಿಯಗ ಫೋನ್ ಹಚ್ಚಿ ಮೆಣಸಿನಕಾಯಿ ಒಗ್ಗರಣಿ ಹಾಕಾಕ ಹೇಳ್ರಿ."

ಅತ್ತ ಎಣ್ಣೆ ಚುರ್ರೆಂದಿತು. ಇತ್ತ ವಾಸನೆಯೇನೂ ಬರಲಿಲ್ಲ. ಬಸಲಿಂಗವ್ವನ ಮುಖ ಸಣ್ಣದಾಯಿತು. ಅಷ್ಟರಲ್ಲಿ ರಾಜೇಸಾಬ ಸೀನಿದ. ಅವನ ಹಿಂದೆಯೇ ಅಂಗಡಿಯಲ್ಲಿದ್ದ ಐದೂ ಗಿರಾಕಿಗಳು ಸೀನಿದರು.

"ಖರೇ 7ಜಿ ಐತ್ರಿ," ಎಂದ ಕಣ್ಣೊರೆಸುತ್ತ.

"ಸಾಕಪ್ಪಾ, ಒಲಿ ಆರಿಸಿ ಕೂಸಿನ್ನ ತಾ," ಎಂದಳು ಬಸಲಿಂಗವ್ವ ಫೋನಿನಲ್ಲಿ ಅಳಿಯನಿಗೆ.

ಲೋಬಾನದ ಹೊಗೆ, ಕೊಬ್ಬರಿ ಎಣ್ಣೆ, ಹಾಲು. ಅವಳು ಕಣ್ಣುಮುಚ್ಚಿ ಎಷ್ಟೋ ಹೊತ್ತು ಮೂಸಿದಳು. ಕಣ್ಣು ತೆರೆದಾಗ ಐದೂ ಗಿರಾಕಿಗಳು ಮೂಗೊರೆಸಿಕೊಂಡು ಅವಳ ಹಿಂದೆ ಪಾಳಿ ಹಚ್ಚಿ ನಿಂತಿದ್ದರು.